ಅಕ್ಕ ಮನೆಯಲ್ಲಿಲ್ಲದ ಹೊತ್ತಿನಲ್ಲಿ

ದೆವ್ವ, ಶಕುನ, ಅಶರೀರವಾಣಿ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುತ್ತಿದ್ದವನು. ಕಡೂರಿನ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದಾಗ, ಸ್ಕೂಲಿನ ಹಿಂದಿನ ಹುಣಸೆಮರದಲ್ಲಿ ಯಾರೋ ಅಳುತ್ತಾರೆ ಎಂದು ಮಕ್ಕಳು ಹೆದರಿಕೊಂಡರು. ಇಡೀ ಕ್ಲಾಸನ್ನು ಆ ಮರದ ಕೆಳಗೆ ಕೂರಿಸಿ ಮಗ್ಗಿ ಹೇಳಿಸಿದೆ. ಗಾಳಿಗೆ ಒಂದಕ್ಕೊಂದು ಉಜ್ಜುತ್ತಿದ್ದ ಎರಡು ಕೊಂಬೆ ತೋರಿಸಿ, "ಇದೇ ಕಣ್ರೋ ನಿಮ್ಮ ದೆವ್ವ" ಎಂದು ನಕ್ಕೆ. ಅಂಥವನು ಈಗ ಬರೆಯುತ್ತಿರುವುದನ್ನು ಓದಿ ನೀವೂ ನಕ್ಕರೆ ನನಗೆ ಬೇಸರವಿಲ್ಲ. ನಂಬಿ ಎಂದು ಕೇಳಿಕೊಳ್ಳುವುದೂ ಇಲ್ಲ.

ಆದರೂ ಬರೆಯುವುದಕ್ಕೆ ಕಾರಣ ಸಿಟ್ಟು. ಇಪ್ಪತ್ತು ವರ್ಷ ದಾಟಿದರೂ ಅದು ಆರಿಲ್ಲ. ನಮ್ಮ ಸೋದರಮಾವ ಈ ಸಂಗತಿಯನ್ನು ದೊಡ್ಡ ಪವಾಡ ಎಂದು ಮದುವೆ ಮನೆಗಳಲ್ಲಿ, ಮಠದ ಜಗಲಿಗಳಲ್ಲಿ ಹೇಳಿಕೊಂಡು ತಿರುಗಿದರು. ಕೇಳಿದವರು ಕೈಮುಗಿದರು. ಆ ಪವಾಡಕ್ಕೆ ಮೊದಲು ನಾವು ಏನು ಮಾಡಿದ್ದೆವು ಎಂಬುದನ್ನು ಮಾತ್ರ ಅವರು ಒಂದು ಕಡೆಯೂ ಹೇಳಲಿಲ್ಲ. ಅದನ್ನೂ ಸೇರಿಸಿ ಹೇಳಬೇಕಾದವನು ನಾನು.

ನಮ್ಮದು ಅಜ್ಜಂಪುರದ ಹತ್ತಿರ ಬುಕ್ಕಾಂಬುಧಿ. ಕೆರೆಯ ಕೆಳಗೆ ತೆಂಗಿನ ತೋಟ, ಮೇಲೆ ಒಂದಷ್ಟು ಹೊಲ, ಅದರ ಜೊತೆ ಕೊಬ್ಬರಿ ವ್ಯಾಪಾರ. ಮೂವರು ಮಕ್ಕಳಲ್ಲಿ ನೀಲಕ್ಕ ಮೊದಲನೆಯವಳು, ಮರುಳಪ್ಪಣ್ಣ ನಡುವಿನವನು, ನಾನು ಕೊನೆಯವನು. ಅಕ್ಕನನ್ನು ಪಂಚನಹಳ್ಳಿಗೆ ಕೊಟ್ಟಿತ್ತು. ಇಪ್ಪತ್ತಮೂರಕ್ಕೆ ಗಂಡ ಹೋದ, ಮಕ್ಕಳಿರಲಿಲ್ಲ, ತವರಿಗೆ ಬಂದಳು. ಅಪ್ಪ ಅವ್ವ ತೀರಿಕೊಂಡ ಮೇಲೆ ಆ ಮನೆ ನಡೆದದ್ದು ಅವಳ ದನಿಯಿಂದ ಎಂದರೆ ಹೆಚ್ಚಲ್ಲ. ಅಡಿಗೆಮನೆಯಲ್ಲಿ ನಿಂತು ಅವಳು "ಉಣ್ಣಾಕ್ ಬರ್ರೋ" ಎಂದರೆ ಕಾಲುವೆಯಾಚೆ ತೋಟದಲ್ಲಿ ಕಾಯಿ ಸುಲಿಯುತ್ತಿದ್ದವರು ಕೈ ತೊಳೆಯಲು ಏಳುತ್ತಿದ್ದರು. ಗಂಡಸಿನಂಥ ದಪ್ಪ ದನಿಯಲ್ಲ. ಕಂಚಿನ ತಟ್ಟೆ ಬಡಿದಂಥ ಸ್ಪಷ್ಟವಾದ ದನಿ. ಒಂದು ಅಕ್ಷರವೂ ನುಂಗಿಹೋಗುತ್ತಿರಲಿಲ್ಲ.

ಗಂಡ ಹೋದ ಮೇಲೆ ಅವಳಿಗೆ ಹೊಗೆಸೊಪ್ಪಿನ ಅಭ್ಯಾಸ ಹತ್ತಿತ್ತು. ಎಲೆಯಡಿಕೆಯ ಜೊತೆ ಒಂದು ಚೂರು ಹೊಗೆಸೊಪ್ಪನ್ನು ಎಡಗೆನ್ನೆಯೊಳಗೆ ಒತ್ತಿಟ್ಟುಕೊಂಡರೆ ಮಧ್ಯಾಹ್ನದವರೆಗೆ ಅದು ಅಲ್ಲೇ ಇರುತ್ತಿತ್ತು. ಆ ವರ್ಷ ದೀಪಾವಳಿಗೆ ನಾನು ಊರಿಗೆ ಹೋದಾಗ ಅವಳು ಮುದ್ದೆ ಬಿಟ್ಟು ಅಂಬಲಿ ಕುಡಿಯುತ್ತಿದ್ದಳು. ಕೇಳಿದರೆ ಹಲ್ಲುನೋವು ಎಂದಳು. ಮಾತು ಸ್ವಲ್ಪ ತೊದಲುತ್ತಿತ್ತು. ಬಲವಂತ ಮಾಡಿ ಬಿಸಿಲಿಗೆ ಕರೆದು ಬಾಯಿ ತೆರೆಸಿದೆ. ಎಡಗೆನ್ನೆಯ ಒಳಗೆ, ಅಂಚು ಎದ್ದು ನಡುವೆ ಗುಳಿಬಿದ್ದ ಹುಣ್ಣು. ಮೂರು ಕಾಸಿನಗಲ ಇದ್ದೀತು.

ಮಾರನೆಯ ದಿನವೇ ಅಣ್ಣ ಗಾಡಿ ಕಟ್ಟಿಸಿದ. ತರೀಕೆರೆಯ ಸರ್ಕಾರಿ ಆಸ್ಪತ್ರೆಯ ಡಾಕ್ಟರು ಒಳ್ಳೆಯವರು, ಆತುರವಿಲ್ಲದ ಮನುಷ್ಯ. ಹುಣ್ಣನ್ನು ಬೆರಳಿನಿಂದ ಒತ್ತಿ ನೋಡಿದರು, ಕೊರಳನ್ನು ಎರಡೂ ಕಡೆ ತಡವಿ ನೋಡಿದರು. ಆಮೇಲೆ ಅಕ್ಕನನ್ನು ಒಳಗಿನ ಬೆಂಚಿನ ಮೇಲೆ ಕೂರಿಸಿ, ನನ್ನನ್ನೂ ಅಣ್ಣನನ್ನೂ ಜಗಲಿಗೆ ಕರೆದರು. ಇದು ಕ್ಯಾನ್ಸರು ಎಂದರು. ಆ ಮಾತು ಅಣ್ಣನಿಗೆ ಗೊತ್ತಿರಲಿಲ್ಲ. ನಾನು ಪುಸ್ತಕದಲ್ಲಿ ಓದಿದ್ದೆ.

"ಔಷಧಿ ಕುಡಿದರೆ ಹೋಗುವಂಥದ್ದಲ್ಲ. ನಾನು ಕೈ ಹಾಕೋ ಹುಣ್ಣೂ ಅಲ್ಲ, ಸುಳ್ಳು ಹೇಳಬಾರದು. ಬೆಂಗಳೂರಿನಲ್ಲಿ ಬಾಯಿ ದವಡೆ ಕೊಯ್ದು ಪಳಗಿದ ಸರ್ಜನ್ ಒಬ್ಬರಿದ್ದಾರೆ. ಮದರಾಸಿನಲ್ಲಿ ರೇಡಿಯಂ ಸೂಜಿ ಚುಚ್ಚಿ ಸುಡುತ್ತಾರಂತೆ. ಇಬ್ಬರಲ್ಲಿ ಯಾರ ಹತ್ತಿರ ಹೋದರೂ, ಎಷ್ಟು ಜನಕ್ಕೆ ಮಾಡಿದೀರಿ ಅಂತ ಬಾಯಿಬಿಟ್ಟು ಕೇಳಿ. ಕೇಳಿದರೆ ಸಿಟ್ಟಾಗೋನಾದ್ರೆ ಅಲ್ಲಿಂದ ಎದ್ದು ಬನ್ನಿ. ಕೊರಳಿಗೆ ಇನ್ನೂ ಇಳಿದಿಲ್ಲ. ಇಳಿಯೋಕೆ ಮುಂಚೆ ಹೋಗಬೇಕು. ಗಿಡಮೂಲಿಕೆ ಹಚ್ಚಿಕೊಂಡು ದಿನ ಕಳೀಬೇಡಿ" ಎಂದರು.

ಅಷ್ಟರಲ್ಲಿ ಅಕ್ಕ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದಳು. ಸೆರಗಿನ ತುದಿಯನ್ನು ಕೆನ್ನೆಗೆ ಒತ್ತಿಕೊಂಡು ಏನೋ ಹೇಳಿದಳು. ಮಾತು ಜೊಲ್ಲಿನಲ್ಲಿ ಕಲಸಿಹೋಯಿತು. ನನಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳುವ ಪ್ರಯತ್ನವನ್ನೂ ಮಾಡಲಿಲ್ಲ. "ಸುಮ್ನಿರಕ್ಕ, ನೋವಾಗುತ್ತೆ" ಎಂದೆ. ಅವಳು ಇನ್ನೊಂದು ಸಲ ಹೇಳಿದಳು. ಅಣ್ಣ ಅವಳ ತೋಳು ಹಿಡಿದು ಗಾಡಿಯ ಕಡೆಗೆ ನಡೆಸಿದ. ಈ ಒಂದು ನಿಮಿಷವನ್ನು ಮತ್ತೆ ಮತ್ತೆ ನೆನೆದು ನನ್ನ ಮೇಲೆ ನಾನೇ ಹಲ್ಲು ಕಡಿದಿದ್ದೇನೆ.

ದಾರಿಯಲ್ಲಿ ಅಣ್ಣ ಬೆಂಗಳೂರಿಗೆ ಹೋಗುವುದಕ್ಕೆ ಒಪ್ಪಿಕೊಂಡ. ನನಗೆ ಸ್ಕೂಲಿನಲ್ಲಿ ಇನ್‌ಸ್ಪೆಕ್ಟರ ಭೇಟಿ ಇತ್ತು. "ನೀನು ಹೋಗು, ನಾನೇ ಕರ್ಕೊಂಡು ಹೋಗ್ತೀನಿ" ಎಂದ. ನಾನು ಕಡೂರಿಗೆ ಹೋದೆ. ಹದಿನೈದು ದಿನಕ್ಕೆ ಅವನ ಕಾಗದ ಬಂತು. ಮೂಡಲ ಕಡೆಯಿಂದ ಒಬ್ಬ ಪಂಡಿತ ಬಂದಿದ್ದಾನೆ, ಕೊಯ್ಯದೆ ಬರೀ ಲೇಪದಿಂದಲೇ ಹುಣ್ಣನ್ನು ಬೇರುಸಮೇತ ಉದುರಿಸುತ್ತಾನೆ, ಮೂರು ಅಮಾವಾಸ್ಯೆ ಸಾಕಂತೆ ಎಂದು. ನಾನು ಸಿಟ್ಟಿನಿಂದ ಒಂದು ಕಾಗದ ಬರೆದೆ. ಅದಕ್ಕೆ ಉತ್ತರವಾಗಿ, ಅಕ್ಕ ಈಗ ಗುಣಮುಖಳಾಗಿದ್ದಾಳೆ, ಗಾಬರಿ ಬೇಡ ಎಂದು ಬಂತು. ನಂಬಿದೆ ಎಂದು ಹೇಳಲಾರೆ. ನಂಬಿಕೊಂಡರೆ ಅನುಕೂಲವಾಗಿತ್ತು, ಅಷ್ಟೆ. ಕಡೂರಿನಿಂದ ಅಜ್ಜಂಪುರಕ್ಕೆ ರೈಲಿದೆ. ಒಂದು ಭಾನುವಾರ ಹೋಗಿ ನೋಡಿಬರಬಹುದಿತ್ತು. ಹೋಗಲಿಲ್ಲ.

ಶಿವರಾತ್ರಿಗೆ ಎರಡು ದಿನ ಮುಂಚೆ ಊರಿಗೆ ಹೋದೆ. ಹೊಸ್ತಿಲು ದಾಟುತ್ತಿದ್ದಂತೆಯೇ ವಾಸನೆ ಬಡಿಯಿತು. ಅಕ್ಕ ನಡುಮನೆಯ ಕಂಬಕ್ಕೆ ಒರಗಿ ಕುಳಿತಿದ್ದಳು. ಕೆನ್ನೆಗೆ ಬಟ್ಟೆ ಕಟ್ಟಿತ್ತು. ಅತ್ತಿಗೆ ಆ ಬಟ್ಟೆ ಬಿಚ್ಚಿ ತೋರಿಸಿದಳು. ಪಂಡಿತನ ಪಾಷಾಣದ ಲೇಪ ಕೆನ್ನೆಯನ್ನು ಒಳಗಿನಿಂದ ಹೊರಗಿನವರೆಗೆ ತಿಂದಿತ್ತು. ಕುಡಿದ ಅಂಬಲಿ ಆ ತೂತಿನಿಂದ ಹೊರಗೆ ಸೋರುತ್ತಿತ್ತು. ಕೊರಳಿನಲ್ಲಿ, ದವಡೆಯ ಕೆಳಗೆ, ನೆಲ್ಲಿಕಾಯಿಯಂಥ ಎರಡು ಗಂಟು.

ಪಂಡಿತ ಆ ಹೊತ್ತು ನಮ್ಮ ಜಗಲಿಯ ಮೇಲೆಯೇ ಕುಳಿತು ಎಲೆ ಮೆಲ್ಲುತ್ತಿದ್ದ. ನನ್ನ ಮುಖ ನೋಡಿದವನೇ ಒಂದು ತಗಡಿನ ಡಬ್ಬಿ ತೆಗೆದು, ಒಣಗಿದ ಅರಿಶಿನದ ಕೊಂಬಿನಂಥ ಒಂದು ತುಂಡು ತೋರಿಸಿದ.

"ಹೋದ್ವರ್ಷ ಒಬ್ಬರ ಗಂಟಲಿಂದ ಕಿತ್ತ ಬೇರು ಇದು, ಮೇಷ್ಟ್ರೇ. ಇವರದ್ದೂ ಇನ್ನೇನು ಬುಡ ಅಲ್ಲಾಡ್ತಾ ಐತೆ. ಕಬ್ಬಿಣ ಮಾತ್ರ ಮುಟ್ಟಿಸಬ್ಯಾಡಿ."

"ಅವರನ್ನ ತೋರ್ಸು. ಯಾವ ಊರು?"

"ಅವರು ಶ್ರೀಶೈಲಕ್ಕೆ ಹೋಗವ್ರೆ."

ನಾನು ಡಬ್ಬಿಯನ್ನು ಕಿತ್ತು ಅಂಗಳಕ್ಕೆ ಎಸೆದೆ. ಅವನು ಆರಿಸಿಕೊಂಡು, ಧೂಳು ಊದಿ, ಮತ್ತೆ ಡಬ್ಬಿಗೆ ಹಾಕಿಕೊಂಡು ಹೋದ. ಈಗ ಅವನ ಮಗ ಅದೇ ಕಸುಬು ಮಾಡುತ್ತಾನೆ ಎಂದು ಕೇಳಿದ್ದೇನೆ. ಅದೇ ಡಬ್ಬಿಯೋ ಏನೋ.

ಮಾರನೆಯ ಬೆಳಿಗ್ಗೆ ಹಿರಿಯರೆಲ್ಲ ಸೇರಿ ತೀರ್ಮಾನ ಮಾಡಬೇಕು ಎಂದಾಯಿತು. ಸೋದರಮಾವ ಬಸಪ್ಪನವರು ಅಜ್ಜಂಪುರದಿಂದ ಬಂದರು. ಪಂಚನಹಳ್ಳಿಯಿಂದ ಅಕ್ಕನ ಮೈದುನ ಚನ್ನಪ್ಪ ಬಂದ. ಇಪ್ಪತ್ತು ವರ್ಷದಲ್ಲಿ ಅವಳನ್ನು ನೋಡಲು ಅವನು ಬಂದದ್ದು ಅದೇ ಮೊದಲು ಎಂದು ಕಾಣುತ್ತದೆ. ಅಕ್ಕನ ಎದುರಿಗೆ ಈ ಮಾತೆಲ್ಲ ಬೇಡ, ಅವಳು ನೊಂದುಕೊಳ್ಳುತ್ತಾಳೆ, ಅವಳನ್ನು ಎಲ್ಲಿಗಾದರೂ ಕಳಿಸೋಣ ಎಂಬ ಸಲಹೆ ಬಂತು. ಆ ಸಲಹೆ ಕೊಟ್ಟವನು ನಾನೇ. ಮುಚ್ಚಿಡುವುದಿಲ್ಲ. ಅಣ್ಣ ಒಪ್ಪಿ, "ಮಠಕ್ಕೆ ಹೋಗಿ ಗುರುಗಳ ಪಾದಕ್ಕೆ ಬಿದ್ದು ಬಾ ಅಕ್ಕ" ಎಂದು ಅತ್ತಿಗೆಯನ್ನೂ ಮಕ್ಕಳನ್ನೂ ಜೊತೆ ಮಾಡಿ ಕಮಾನುಗಾಡಿಯಲ್ಲಿ ಕಳಿಸಿದ. ಮಠ ನಮ್ಮ ಮನೆಯಿಂದ ಎರಡು ಮೈಲಿ. ಗಾಡಿ ಕೆರೆಯ ಏರಿ ಹತ್ತಿ ಆಚೆ ಇಳಿಯುವುದನ್ನು ನಾನು ಕಣ್ಣಾರೆ ನೋಡಿದೆ. ಆಮೇಲೆ ಅಣ್ಣ ಹಿತ್ತಿಲ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿ ಬಂದ. ಮನೆಯಲ್ಲಿ ನಾವು ನಾಲ್ಕು ಜನ ಗಂಡಸರ ಹೊರತು ಯಾರೂ ಇರಲಿಲ್ಲ.

ಪಡಸಾಲೆಯಲ್ಲಿ ಚಾಪೆ ಹಾಸಿ ಕುಳಿತೆವು. ಹೊತ್ತು ಮಾರು ಮೇಲೇರಿತ್ತು. ಅಂಗಳದಲ್ಲಿ ಒಣಹಾಕಿದ್ದ ಕೊಬ್ಬರಿ ಬಿಸಿಲಿಗೆ ಮಿಂಚುತ್ತಿತ್ತು. ಅಂಜುವಂಥ ಯಾವುದೂ ಆ ಹೊತ್ತಿನಲ್ಲಿ ಇರಲಿಲ್ಲ.

ಮಾವ ಮೊದಲು ಮಾತಾಡಿದರು. "ಅಂತರಘಟ್ಟಮ್ಮನ ಹತ್ರ ಹೂವು ಕೇಳಾಣ. ಬಲಕ್ಕೆ ಬಿದ್ರೆ ಬೆಂಗಳೂರು, ಎಡಕ್ಕೆ ಬಿದ್ರೆ ಪಂಡಿತ. ನಮ್ಮ ತಲೆ ಮೇಲೆ ಇರಾಕಿಲ್ಲ."

ಅಣ್ಣ ಇನ್ನೊಂದು ಅಮಾವಾಸ್ಯೆ ನೋಡೋಣ ಎಂದ. ಇಷ್ಟು ನೋವು ತಿಂದಾಗಿದೆ, ಈಗ ಬಿಟ್ಟರೆ ತಿಂದದ್ದೆಲ್ಲ ವ್ಯರ್ಥವಾಗುತ್ತೆ ಎಂಬುದು ಅವನ ವಾದ. ಅವನು ಕೆಟ್ಟವನಲ್ಲ. ಕೊಯ್ಯುವುದು ಎಂದರೆ ಅವನಿಗೆ ಭಯ. ನಮ್ಮ ಅಪ್ಪ ಕಾಲಿನ ಕುರು ಕೊಯ್ಸಿಕೊಂಡು ವಾರದಲ್ಲಿ ಸತ್ತಿದ್ದರು. ಆ ಭಯವನ್ನು ಭಯ ಎಂದು ಒಪ್ಪಿಕೊಂಡಿದ್ದರೆ ನಾನು ಅವನ ಕೈ ಹಿಡಿದುಕೊಳ್ಳುತ್ತಿದ್ದೆನೇನೋ.

ಚನ್ನಪ್ಪ ಗಂಟಲು ಸರಿಮಾಡಿಕೊಂಡ. "ಅಲ್ಲ ಮೇಷ್ಟ್ರೇ, ಅರ್ಧ ಮುಖ ಕೊಯ್ಸಿಕೊಂಡು ಬಂದ್ರೆ ಜನ ಏನಂತಾರೆ? ಎಷ್ಟಾದ್ರೂ ನಮ್ಮನೆ ಸೊಸೆ. ಪರಪುರುಷರು ಬಾಯಿಗೆ ಕೈ ಹಾಕಿ... ನಮಗೂ ಒಂದು ಮರ್ವಾದೆ ಅಂತ ಐತಲ್ಲ."

ನಾನು ಕೂಗಾಡಿದೆ. ಏನೇನು ಅಂದೆನೋ ನೆನಪಿಲ್ಲ. ಮರ್ಯಾದೆಯನ್ನು ಪಂಚನಹಳ್ಳಿಯಲ್ಲಿ ಉಪ್ಪಿನಕಾಯಿ ಹಾಕಿಕೋ ಎಂದದ್ದು ನೆನಪಿದೆ. ಚನ್ನಪ್ಪ ಎದ್ದು ನಿಂತ. ಮಾವ ಅವನನ್ನು ಕೂರಿಸಲು ಹೋದರು. ಅಣ್ಣ ನನ್ನ ಮೇಲೆ ಕೂಗಿದ: "ನೀನು ಕಡೂರಲ್ಲಿ ಕೂತು ಕಾಗದ ಬರೀತಿದ್ದೆ. ರಾತ್ರಿ ಹಗಲು ಅವಳ ನರಳಾಟ ಕೇಳಿದೋನು ನಾನು. ಅಕ್ಕಂಗೆ ಏನು ಬೇಕು ಅಂತ ನನಗೆ ಗೊತ್ತು!"

"ನಿನಗೇನು ಗೊತ್ತು? ಅವಳಿಗೆ ಏನು ಬೇಕು ಅಂತ ನನಗೆ ಗೊತ್ತು!" ಎಂದು ನಾನೂ ಕೂಗಿದೆ.

ಆಗ ಅಡಿಗೆಮನೆಯಿಂದ ದನಿ ಬಂತು.

"ನನ್ನ ಬಾಯಿ ಕಣ್ರೋ ಅದು. ನನ್ನ ಕೇಳಿದ್ರಾ?"

ಅಷ್ಟೇ ಮಾತು. ಅಕ್ಕನ ದನಿ. ಹುಣ್ಣಾಗುವ ಮೊದಲಿನ ದನಿ; ಒಂದು ಅಕ್ಷರವೂ ತೊದಲದೆ, ಸ್ವಲ್ಪ ರೇಗಿದಂತೆ, ಊಟಕ್ಕೆ ಕರೆದು ಕರೆದು ಯಾರೂ ಏಳದಿದ್ದಾಗ ಕೂಗುತ್ತಿದ್ದಳಲ್ಲ, ಥೇಟು ಹಾಗೆ. ದೂರದಿಂದ ಬಂದಂತಿರಲಿಲ್ಲ, ಗಾಳಿಯಲ್ಲಿ ತೇಲಿದಂತಿರಲಿಲ್ಲ. ಹತ್ತು ಮಾರು ಆಚೆ ಒಲೆಯ ಪಕ್ಕ ನಿಂತ ಹೆಂಗಸು ಮಾತಾಡಿದರೆ ಹೇಗೆ ಕೇಳುತ್ತದೋ ಹಾಗೆ ಕೇಳಿತು.

ನಾನೊಬ್ಬನೇ ಕೇಳಿದ್ದರೆ ನನ್ನ ತಲೆ ಕೆಟ್ಟಿದೆ ಎಂದು ಬಿಟ್ಟುಬಿಡುತ್ತಿದ್ದೆ. ಆದರೆ ನನಗಿಂತ ಮೊದಲು ಅಣ್ಣ ತಿರುಗಿದ. ಅಭ್ಯಾಸಬಲದಿಂದ, "ಬಂದೆ ಅಕ್ಕ" ಎಂದು ಉತ್ತರವನ್ನೂ ಕೊಟ್ಟುಬಿಟ್ಟ. ಹಾಗೆ ಹೇಳುತ್ತ ಅರ್ಧ ಎದ್ದವನು ಅಲ್ಲೇ ನಿಂತುಬಿಟ್ಟ. ಚನ್ನಪ್ಪ ಹೆಗಲ ಮೇಲಿನ ವಲ್ಲಿ ಜಾರಿ ಬಿದ್ದದ್ದನ್ನು ಎತ್ತಿಕೊಳ್ಳಲಿಲ್ಲ. ಮಾವ ಕೊರಳಿನ ಲಿಂಗವನ್ನು ಹಿಡಿದುಕೊಂಡು ಕಣ್ಣು ಮುಚ್ಚಿದರು.

ಮೊದಲು ಓಡಿದವನು ನಾನು. ಅಡಿಗೆಮನೆ ಖಾಲಿ. ಕೆಂಡದ ಮೇಲೆ ಹಾಲಿನ ಗಡಿಗೆ ಕಾಯುತ್ತಿತ್ತು. ಹಿತ್ತಿಲ ಬಾಗಿಲಿಗೆ ಅಣ್ಣ ಹಾಕಿದ ಅಗುಳಿ ಹಾಗೆಯೇ ಇತ್ತು. ಅಟ್ಟ ಹತ್ತಿ ನೋಡಿದೆ, ಕಣಜದ ಹಿಂದೆ ನೋಡಿದೆ, ಬಚ್ಚಲು ನೋಡಿದೆ. ಅಗುಳಿ ತೆಗೆದು ಹಿತ್ತಿಲಿಗೆ ಹೋದೆ. ಪಕ್ಕದ ಮನೆಯ ಅಜ್ಜಿ ರಾಗಿ ಕೇರುತ್ತ ಕುಳಿತಿದ್ದಳು. ಈ ಕಡೆ ಯಾರಾದರೂ ಬಂದರಾ ಎಂದು ಕೇಳಿದೆ. "ಯಾರೂ ಇಲ್ಲ ಕಣಪ್ಪ. ನೀವೇ ಆವಾಗಿಂದ ಕಿರುಚ್ತಾ ಇದ್ದೀರಲ್ಲ" ಎಂದಳು. ಹೆಂಗಸಿನ ದನಿ ಕೇಳಿಸಿತಾ ಎಂದರೆ, ಇಲ್ಲ ಎಂದಳು. ನಮ್ಮ ಪಡಸಾಲೆಗಿಂತ ನಮ್ಮ ಅಡಿಗೆಮನೆಗೆ ಅವಳು ಹತ್ತಿರವಿದ್ದಳು.

ಗಾಡಿ ಬರುವುದಕ್ಕೆ ಇನ್ನೂ ಒಂದು ತಾಸು ಹಿಡಿಯಿತು. ಅಷ್ಟು ಹೊತ್ತೂ ನಾವು ನಾಲ್ವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಕ್ಕ ಇಳಿದಳು, ಕೆನ್ನೆಯ ಕಟ್ಟು ಹಾಗೇ ಇತ್ತು. ನಾನು ಅತ್ತಿಗೆಯನ್ನು ಪಕ್ಕಕ್ಕೆ ಕರೆದು ವಿಚಾರಿಸಿದೆ. ಅಕ್ಕ ಹೋದಾಗಿನಿಂದ ಬರುವವರೆಗೂ ಮಠದ ಕಂಬಕ್ಕೆ ಒರಗಿ ಕಣ್ಣು ಮುಚ್ಚಿ ಕುಳಿತಿದ್ದಳು, ತುಟಿ ಕೂಡ ಅಲ್ಲಾಡಿಸಲಿಲ್ಲ ಎಂದಳು.

ಇಷ್ಟು ನಡೆದದ್ದು. ಇನ್ನು ಕೇಳಿ, ನಾವು ಎಂಥವರು ಎಂಬುದನ್ನು. ಆ ದನಿ ಕೇಳಿದ್ದು ಒಂದೇ ಪ್ರಶ್ನೆ. ಅದನ್ನು ಕೇಳಿಸಿಕೊಂಡ ನಾಲ್ವರಲ್ಲಿ ಒಬ್ಬನಾದರೂ ಹೋಗಿ ಅಕ್ಕನ ಎದುರು ಕುಳಿತು, ನಿನಗೇನು ಬೇಕು ಎಂದು ಕೇಳಿದನೇ? ಇಲ್ಲ. ಅಣ್ಣ, "ನಾಳೆ ಬೆಂಗಳೂರಿಗೆ ಹೋಗಾಣ" ಎಂದ. ಮಾವ, "ಹೂಂ, ತಾಯಿ ಅಪ್ಪಣೆ ಆಗೈತೆ" ಎಂದರು. ಚನ್ನಪ್ಪ ಊಟಕ್ಕೂ ನಿಲ್ಲದೆ ಊರಿಗೆ ಹೋದ. ನಾನು ಗೆದ್ದವನ ಹಾಗೆ ಟ್ರಂಕಿಗೆ ಬಟ್ಟೆ ತುಂಬಿದೆ. ಅಕ್ಕನಿಗೆ ಹೊರಡು ಎಂದೆವು. ಅವಳು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿ, ಒಳಗೆ ಹೋಗಿ ಸೀರೆ ಮಡಿಚಿಕೊಂಡಳು.

ಅಜ್ಜಂಪುರದಲ್ಲಿ ರೈಲು ಹತ್ತಿದೆವು. ಅಣ್ಣನ ಜೊತೆ ಮಾವನೂ ಹೊರಟಿದ್ದರು. ಬೀರೂರಿಗೆ ಮುಂಚೆ ಅಕ್ಕ ನನ್ನ ತೋಳು ಹಿಡಿದು ಎಳೆದಳು. ವಾಸನೆಗೆ ಹೆದರಿ ಅಲ್ಲಿಯವರೆಗೂ ನಾನು ಕಿಟಕಿಯ ಕಡೆಗೇ ಮುಖ ಮಾಡಿದ್ದೆ. ಈಗ ಕಿವಿಯನ್ನು ಅವಳ ಬಾಯಿಯ ಹತ್ತಿರ ಇಟ್ಟೆ. ಅವಳು ನಿಧಾನವಾಗಿ, ಒಂದೊಂದೇ ಮಾತಾಗಿ ಹೇಳಿದಳು. ಎಲ್ಲವೂ ಅರ್ಥವಾಯಿತು. ಹತ್ತಿರ ಕುಳಿತು ಕೇಳಿದರೆ ಅವಳ ಮಾತಿನಲ್ಲಿ ಅರ್ಥವಾಗದ್ದು ಏನೂ ಇರಲಿಲ್ಲ.

"ತರೀಕೆರೇಲಿ ಏನಂದೆ ನಾನು?"

ಗೊತ್ತಿಲ್ಲ ಎಂದೆ.

"ಕೊಯ್ಸಿಬಿಡಾಣ ಅಂದೆ ಕಣೋ. ಎರಡು ಸಲ ಅಂದೆ."

ಬೆಂಗಳೂರಿನ ಸರ್ಜನ್ ಮಾತು ಕಡಿಮೆಯ ಮನುಷ್ಯ. ಹುಣ್ಣು ನೋಡಿದರು, ಕೊರಳು ನೋಡಿದರು, ಲೇಪ ಹಾಕಿದವನು ಯಾರು ಎಂದು ಕೇಳಿದರು. ಉತ್ತರ ಕೇಳಿ ಅವರ ಕುತ್ತಿಗೆಯ ನರ ಉಬ್ಬಿತು, ಆದರೆ ಬೈಯಲಿಲ್ಲ. ಅಣ್ಣನನ್ನೂ ಮಾವನನ್ನೂ ಹೊರಗೆ ಕಳಿಸಿದರು. ಮಾತು ಅರ್ಥ ಮಾಡಿಸಲು ನಾನು ಇರಲಿ ಎಂದರು. ಆಮೇಲೆ ಸ್ಟೂಲು ಎಳೆದುಕೊಂಡು ಅಕ್ಕನ ಎದುರು ಕುಳಿತು, ನನ್ನ ಕಡೆ ನೋಡದೆ ಅವಳಿಗೇ ಹೇಳಿದರು.

ಹುಣ್ಣು ದವಡೆಯ ಎಲುಬಿಗೆ ಹೋಗಿದೆ, ಕೊರಳಿಗೂ ಇಳಿದಿದೆ. ಮೂರು ತಿಂಗಳ ಹಿಂದೆ ಬಂದಿದ್ದರೆ ಮದರಾಸಿಗೆ ಹೋಗಿ ರೇಡಿಯಂ ಹಾಕಿಸಿಕೊಳ್ಳಿ ಎನ್ನುತ್ತಿದ್ದೆ, ಮುಖ ಉಳಿಯುತ್ತಿತ್ತು. ಎಲುಬು ಹಿಡಿದ ಮೇಲೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಈಗ ಅರ್ಧ ದವಡೆಯನ್ನೂ ಕೊರಳಿನ ಗಂಟುಗಳನ್ನೂ ತೆಗೆಯಬೇಕು. ಟೇಬಲಿನ ಮೇಲೇ ಪ್ರಾಣ ಹೋಗಬಹುದು. ಬದುಕಿದರೂ ಮತ್ತೆ ಬರಬಹುದು. ಏನೂ ಮಾಡಿಸಿಕೊಳ್ಳುವುದಿಲ್ಲ ಎಂದರೂ ಸರಿ. ನೋವಿಗೆ ಔಷಧಿ ಕೊಟ್ಟು, ಹುಣ್ಣನ್ನು ಚೊಕ್ಕಟವಾಗಿಡುವುದು ಹೇಗೆ ಎಂದು ಹೇಳಿಕೊಡುತ್ತೇನೆ. ಹೀಗೆ ಹೇಳಿ, "ನಿಮ್ಮ ಇಷ್ಟ ಏನಮ್ಮ?" ಎಂದರು.

ಅಕ್ಕ ಬಹಳ ಹೊತ್ತು ಅವರ ಕೈಗಳನ್ನೇ ನೋಡಿದಳು. ಆಮೇಲೆ ನನ್ನ ಕಿವಿಯಲ್ಲಿ ಹೇಳಿದಳು, ನಾನು ಅವರಿಗೆ ಹೇಳಿದೆ. ಇಷ್ಟು ದೊಡ್ಡದನ್ನು ಎಷ್ಟು ಜನಕ್ಕೆ ಕೊಯ್ದಿದ್ದೀರಿ? ಒಂಬತ್ತು ಜನಕ್ಕೆ ಎಂದರು. ಎಷ್ಟು ಜನ ಬದುಕಿದ್ದಾರೆ? ನಾಲ್ಕು ಜನ. ಅಂಬಲಿ ಕುಡಿಯಬಹುದಾ? ಕುಡಿಯಬಹುದು, ಮುದ್ದೆ ನುಂಗುವುದು ಕಷ್ಟ. ಮಾತು? ಈಗಿರುವುದಕ್ಕಿಂತ ಒಳ್ಳೆಯದಾಗುತ್ತದೆ ಎಂದು ಹೇಳಲಾರೆ. ಕೊನೆಗೆ ಅವಳು, "ಆ ನಾಲ್ಕು ಜನದಲ್ಲಿ ಒಬ್ಬರನ್ನ ನಾನು ನೋಡಬೇಕು" ಎಂದಳು. ಈ ಪ್ರಶ್ನೆಗಳನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ತರೀಕೆರೆಯ ಡಾಕ್ಟರು ಹೇಳಿದ್ದನ್ನು ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡಿದ್ದಳು.

ಸರ್ಜನ್ ಸಿಟ್ಟಾಗಲಿಲ್ಲ. ಎರಡು ದಿನಕ್ಕೆ ತುಮಕೂರು ಕಡೆಯ ಒಬ್ಬ ಹೆಂಗಸು ತೋರಿಸಿಕೊಂಡು ಹೋಗಲು ಬರುವವಳಿದ್ದಳು. ಬಂದಳು. ಮುಖದ ಒಂದು ಪಕ್ಕ ಒಳಗೆ ಕುಸಿದಿತ್ತು, ಕಂಕುಳಲ್ಲಿ ಮೊಮ್ಮಗು. ಅಕ್ಕ ಅವಳ ಜೊತೆ ವಾರ್ಡಿನ ಮೂಲೆಯಲ್ಲಿ ಅರ್ಧ ದಿನ ಕುಳಿತಳು. ಇಬ್ಬರ ಮಾತೂ ಬೇರೆಯವರಿಗೆ ಅರ್ಥವಾಗುತ್ತಿರಲಿಲ್ಲ. ಅವರಿಬ್ಬರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ಒಂದೆರಡು ಸಲ ನಕ್ಕರು ಕೂಡ. ಸಂಜೆ ಅಕ್ಕ ನನ್ನನ್ನು ಕರೆದು, "ಆಗ್ಲಿ ಅಂತ ಹೇಳು" ಎಂದಳು.

ಅಣ್ಣನೂ ಮಾವನೂ ಏನು ಮಾತಾಯಿತು ಎಂದು ಕೇಳಿದರು. ಅವಳನ್ನೇ ಕೇಳಿ ಎಂದೆ. ಕೇಳಲಿಲ್ಲ.

ಅಕ್ಕ ಬದುಕಿದಳು. ಒಂದು ತಿಂಗಳ ಮೇಲೆ ಊರಿಗೆ ಕರೆತಂದೆವು. ಮಗುವಿಗೆ ಹಾಲು ಕುಡಿಸುವ ಒಳಲೆಯಲ್ಲಿ ಅಂಬಲಿ ಕುಡಿಯುತ್ತಿದ್ದಳು. ಮುಖಕ್ಕೆ ಸೆರಗು ಮುಚ್ಚಿಕೊಳ್ಳಲಿಲ್ಲ. ನೋಡಲು ಬಂದವರು ನೋಡಲಾರದೆ ತಲೆ ತಗ್ಗಿಸಿದರೆ ಅವರ ಗಲ್ಲ ಹಿಡಿದು ಎತ್ತುತ್ತಿದ್ದಳು. ಹತ್ತೊಂಬತ್ತು ತಿಂಗಳು ಇದ್ದಳು. ನಾನು ಪ್ರತಿ ಶನಿವಾರ ರೈಲು ಹತ್ತಿ ಹೋಗಿ, ಸೋಮವಾರ ಸ್ಕೂಲಿನ ಹೊತ್ತಿಗೆ ವಾಪಸು ಬರುತ್ತಿದ್ದೆ.

ಆ ಬೆಳಗಿನ ದನಿಯ ವಿಷಯ ಅವಳಿಗೆ ಯಾರೂ ಹೇಳಿರಲಿಲ್ಲ. ಕೊನೆಯ ಮಳೆಗಾಲದಲ್ಲಿ, ಕೊರಳಿನಲ್ಲಿ ಮತ್ತೆ ಗಂಟು ಕಾಣಿಸಿಕೊಂಡ ಮೇಲೆ, ಒಂದು ಭಾನುವಾರ ಮಾವ ನಮ್ಮ ಜಗಲಿಯ ಮೇಲೆ ಹತ್ತಾರು ಜನರನ್ನು ಕೂರಿಸಿಕೊಂಡು ಪವಾಡದ ಕಥೆ ಹೇಳುತ್ತಿದ್ದರು. ಅವರ ಕಥೆಯಲ್ಲಿ ದನಿಯ ಜೊತೆ ಗಂಟೆಯ ಶಬ್ದವೂ ಸಂಪಿಗೆಯ ಪರಿಮಳವೂ ಸೇರಿಕೊಂಡಿದ್ದವು. ಅಕ್ಕ ಒಳಗಿನಿಂದ ಎಲ್ಲವನ್ನೂ ಕೇಳಿದಳು. ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ನಿಜವಾ ಎಂದಳು. ಗಂಟೆ, ಪರಿಮಳ ಸುಳ್ಳು, ದನಿ ನಿಜ ಎಂದೆ. ನಡೆದದ್ದನ್ನು ನಡೆದ ಹಾಗೆ ಹೇಳಿದೆ.

"ದನಿ ಹೆಂಗಿತ್ತು?"

"ನಿಂದೇ ಅಕ್ಕ. ಮೊದಲಿನ ಹಂಗೇ ಇತ್ತು. ನೀನೇನಾದ್ರೂ ಮಠದಲ್ಲಿ ಕೂತು ಮನಸ್ಸಲ್ಲಿ ಅಂದ್ಕೊಂಡ್ಯಾ?"

"ನಾನು ಏನೂ ಅಂದ್ಕೊಳ್ಳಲಿಲ್ಲ. ನಿದ್ದೆ ಬಂದಿತ್ತು. ಮೂರು ರಾತ್ರಿಯಿಂದ ನಿದ್ದೆ ಇರಲಿಲ್ಲ."

ಇದನ್ನು ಕೇಳಿ ಅವಳಿಗೆ ಆಶ್ಚರ್ಯವಾಗುತ್ತದೆ, ಭಕ್ತಿ ಹುಟ್ಟುತ್ತದೆ, ಒಂದಿಷ್ಟು ಸಮಾಧಾನವಾಗುತ್ತದೆ ಎಂದು ನಾನು ಎಣಿಸಿದ್ದೆ. ಅವಳ ಉಳಿದ ಅರ್ಧ ಮುಖ ಸಿಟ್ಟಿನಿಂದ ಕೆಂಪಾಯಿತು. ಎದ್ದು ಕುಳಿತಳು. ನಿಧಾನವಾಗಿ, ನನಗೆ ತಪ್ಪದೆ ತಿಳಿಯುವ ಹಾಗೆ ಬಿಡಿಸಿ ಬಿಡಿಸಿ ಹೇಳಿದಳು.

"ಬಾಯಿ ತುಂಬ ಕೀವು ಇಟ್ಕೊಂಡು ಮೂರು ತಿಂಗಳು ನಾನೇ ಹೇಳಿದೆ. ಆ ಲೇಪ ಬ್ಯಾಡ ಅಂತ ಮರುಳಪ್ಪನ ಕಾಲು ಹಿಡಿದೆ. ನಿಂಗೆ ಕಾಗದ ಬರೀರಿ ಅಂದೆ. ಒಬ್ಬರಿಗೂ ಕೇಳ್ಸಲಿಲ್ಲ. ಯಾವಳೋ ಅಡಿಗೆಮನೇಲಿ ಚೆಂದಾಗಿ ಕೂಗಿದ್ಲು ಅಂತ ಓಡಿದ್ರಾ?"

ಗೋಡೆಯ ಕಡೆ ತಿರುಗಿ ಮಲಗಿದಳು. ಮುಂದಿನ ಶನಿವಾರ ನಾನು ಹೋದಾಗಲೂ ನನ್ನ ಹತ್ತಿರ ಮಾತಾಡಲಿಲ್ಲ. ಅದರ ಮುಂದಿನ ವಾರ ಮಾತಾಡಿದಳು, ಆದರೆ ಆ ವಿಷಯವನ್ನು ಮತ್ತೆ ಎತ್ತಲಿಲ್ಲ. ಕಾರ್ತಿಕದಲ್ಲಿ ತೀರಿಕೊಂಡಳು.

ಆಮೇಲೆ ನಾನು ತಿಳಿಯಲು ಬಹಳ ಪ್ರಯತ್ನ ಮಾಡಿದ್ದೇನೆ. ಅಂಥ ದನಿ ತೆಗೆಯಬಲ್ಲ ಹೆಂಗಸು ಊರಿನಲ್ಲಿ ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿದೆ, ಇರಲಿಲ್ಲ. ನಾಲ್ಕು ಜನಕ್ಕೂ ಒಟ್ಟಿಗೆ ಭ್ರಮೆಯಾಗುವುದು ಸಾಧ್ಯವೇ ಎಂದು ಓದಿದವರನ್ನು ಕೇಳಿದೆ. ಸಾಧ್ಯ ಎಂದವರು ಹೇಗೆ ಎಂದು ಹೇಳಲಿಲ್ಲ. ಚನ್ನಪ್ಪನನ್ನು ಒಮ್ಮೆ ಕಡೂರಿನ ಸಂತೆಯಲ್ಲಿ ತಡೆದು ನಿಲ್ಲಿಸಿ ಕೇಳಿದೆ. ಅವನಿಗೂ ಅವೇ ಮಾತು, ಅದೇ ಕ್ರಮದಲ್ಲಿ ಕೇಳಿಸಿತ್ತು. ಅಣ್ಣ ಸಾಯುವವರೆಗೂ ಆ ಮಾತು ಎತ್ತಗೊಡಲಿಲ್ಲ. ಮಾವನ ಹಾಗೆ ದೇವಿಯ ಮಹಿಮೆ ಎಂದು ಕೈಮುಗಿಯೋಣ ಎಂದರೆ, ಮೂರು ತಿಂಗಳು ಸುಮ್ಮನಿದ್ದು ಕೆನ್ನೆ ತೂತಾದ ಮೇಲೆ ಮಾತಾಡಿದ ದೇವಿಯ ಮೇಲೆ ನನಗೆ ಸಿಟ್ಟು ಬರುತ್ತದೆ.

ಅದು ತನ್ನ ದನಿಯಲ್ಲ ಎಂದು ಅಕ್ಕನೇ ಹೇಳಿ ಹೋಗಿದ್ದಾಳೆ. ಆದರೆ ಅವಳ ದನಿಯನ್ನು ನಾನು ಹುಟ್ಟಿದಾಗಿನಿಂದ ಕೇಳಿದವನು. ಆ ಬೆಳಿಗ್ಗೆ ಕೇಳಿಸಿದ್ದು ಅದೇ. ಇವೆರಡರಲ್ಲಿ ಯಾವುದನ್ನೂ ನಾನು ಸುಳ್ಳು ಎನ್ನಲಾರೆ.